ನಾರಾಯಣಪೇಟೆಯ ಎಂಚಿಲಾಡ

ಪ್ರತ್ಯೇಕ ತೆಲಂಗಾಣ ಸಿಗುವವರೆಗೂ ಪಾಠವಿಲ್ಲ ಎಂದು ಕರ್ನಾಟಕದ ಗಡಿಗಂಟಿದ ನಾರಾಯಣಪೇಟೆಯ ಮೇಷ್ಟ್ರುಗಳೆಲ್ಲ ಬೀದಿಗಿಳಿದು ಇಪ್ಪತ್ತು ದಿನವಾಗಿತ್ತು. ಪ್ರೈಮರಿ ಶಾಲೆಯ ಅಂಜನಕುಮಾರನೂ ಇಳಿದಿದ್ದ. ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಕೂತು ಉಣ್ಣುವ 'ವಂಟಾವಾರ್ಪು' ಹೋರಾಟದ ದಿನ ಅವನು ಸೊಂಟಕ್ಕೆ ಟವೆಲ್ ಬಿಗಿದು ಕೊಪ್ಪರಿಗೆಯಲ್ಲಿ ಸೌಟು ತಿರುವಿದ. ಆ ಫೋಟೋ ಪೇಪರಿನಲ್ಲಿ ಬಂತು. ಅಲ್ಲಿಂದಲೇ ಅವನಿಗೆ ಶನಿ ಹಿಡಿದದ್ದು.

ಹೆಂಡತಿ ವಾಣಿಶ್ರೀ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಹುಟ್ಟುವ ಕೂಸು ಬಂದ್ ಗಿಂದ್ ಕೇಳುವುದಿಲ್ಲವಾದ್ದರಿಂದ ಅವಳಿಗೆ ಮುಷ್ಕರವಿರಲಿಲ್ಲ, ದುಪ್ಪಟ್ಟು ಕೆಲಸವಿತ್ತು. ಫೋಟೋ ನೋಡಿ ಒಂದೇ ಮಾತು ಕೇಳಿದಳು.

"ರೋಡಿನ ಮ್ಯಾಲ ನೂರು ಮಂದಿಗೆ ಅಡಗಿ ಮಾಡಾಕ ಬರ್ತೈತಿ, ಮನ್ಯಾಗ ಮೂರು ಮಂದಿಗೆ ಬರಂಗಿಲ್ಲೇನ್ರಿ? ಇವತ್ತು ಸಂಜಿ ಅಡಗಿ ನಿಮ್ದ."

ಮೂರನೆಯವರು ಅವಳ ಅಪ್ಪ, ಗುಂಡುಮಾಲಿನ ಕುರಿಗಾರ ಮೈಲಾರಲಿಂಗ. ಎಮ್ಮೆ ಈದಿತ್ತೆಂದು ಮಗಳಿಗೆ ಗಿಣ್ಣ ಕೊಡಲು ಯಾರದೋ ಬೈಕ್ ಹತ್ತಿ ಬಂದವರು, ರಾಸ್ತಾರೋಕೋ ಆಗಿ ವಾಪಸು ಹೋಗಲಾರದೆ ಪಡಸಾಲೆಯಲ್ಲಿ ಕೂತಿದ್ದರು. ಮದುವೆಯಾಗಿ ಎರಡು ವರ್ಷವಾದರೂ ಅಳಿಯನೊಂದಿಗೆ ನಾಲ್ಕು ಮಾತಾಡಿದವರಲ್ಲ. ಅವರ ಗಿರಿಜಾ ಮೀಸೆ ನೋಡಿದರೆ ಅಂಜನಕುಮಾರನಿಗೆ ಮಗ್ಗಿಯೇ ಮರೆತುಹೋಗುತ್ತಿತ್ತು.

ಸಂಜೆ ಐದಕ್ಕೆ ಅವನು ಅಡುಗೆಮನೆ ಹೊಕ್ಕ. ಬಜಾರು ಪೂರಾ ಬಂದ್. ಡಬ್ಬಿಗಳನ್ನು ತಡಕಿದರೆ ಅಲಸಂದಿ, ಒಣಮೆಣಸಿನಕಾಯಿ, ಹುಣಸೆಹಣ್ಣು ಇದ್ದವು. ಬುಟ್ಟಿಯಲ್ಲಿ ಎರಡು ಉಳ್ಳಾಗಡ್ಡಿ, ಮೆತ್ತಗಾದ ಮೂರು ಟೊಮೇಟೊ. ಬೆಳಗಿನ ಜೋಳದ ರೊಟ್ಟಿಗಳು ಹಪ್ಪಳದಂತೆ ಬಿರುಸಾಗಿದ್ದವು. ಏನು ಮಾಡುವುದೆಂದು ತಲೆ ಕೆರೆದುಕೊಳ್ಳುವಾಗ ಡಬ್ಬಿಗಳ ಕೆಳಗೆ ಹಾಸಿದ್ದ ಹಳೇ ಪೇಪರು ಕಣ್ಣಿಗೆ ಬಿತ್ತು: 'ಮನೆಯಲ್ಲಿದ್ದದ್ದರಲ್ಲೇ ಅರ್ಧ ಗಂಟೆಯಲ್ಲಿ ಎಂಚಿಲಾಡ!' ಮೆಕ್ಸಿಕೋ ದೇಶದ ಊಟವಂತೆ. ಬೇಯಿಸಿದ ಕಾಳನ್ನು ರೊಟ್ಟಿಯೊಳಗಿಟ್ಟು ಸುತ್ತಿ, ಟೊಮೇಟೊ ಖಾರದ ಗೊಜ್ಜು ಸುರಿದು, ಮೇಲೆ ಚೀಸ್ ಉದುರಿಸಿ ಬಿಸಿ ಮಾಡಿದರೆ ಮುಗಿಯಿತು.

ಆದರೆ ಅಳಿಯ ಒಲೆ ಮುಂದೆ ನಿಂತದ್ದನ್ನು ಮಾವ ನೋಡಿಬಿಟ್ಟರೆ? ಗುಂಡುಮಾಲಿನಲ್ಲಿ ಮುಖ ತೋರಿಸುವಂತಿಲ್ಲ. ಬಾಗಿಲು ಮುಚ್ಚಿಕೊಂಡ. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಜೋರಾಗಿ ಕೆಮ್ಮಿದ. ಮೆಣಸಿನಕಾಯಿ ಹುರಿಯತೊಡಗಿದ ಮೇಲೆ ಸುಳ್ಳು ಕೆಮ್ಮಿನ ಅಗತ್ಯ ಬೀಳಲಿಲ್ಲ. ಹೊರಗೆ ಮಾವನೂ ಸೀನತೊಡಗಿದರು.

"ಅಳಿಯಾರ, ಒಳಗೇನು ಸುಡಾಕತ್ತೀರಿ?"

"ಏನಿಲ್ರಿ ಮಾವಾ, ಸೊಳ್ಳಿಗೆ ಹೊಗಿ ಹಾಕೀನ್ರಿ!"

"ಸೊಳ್ಳಿಗಾ? ಈ ಹೊಗಿಗೆ ದೆವ್ವ ಸೈತ ಊರು ಬಿಡ್ತೈತಿ!"

ಅಂಜನಕುಮಾರ ಬೇಗ ಬೇಗ ರೊಟ್ಟಿ ಸುತ್ತಲು ಹೋದ. ಮೊದಲನೆಯದು ಪುಡಿಪುಡಿಯಾಯಿತು. ಎರಡನೆಯದು ನೆಟ್ಟಗೆ ನಡುವೆ ಸೀಳಿತು. ರಾಜ್ಯ ಒಡೆಯುವ ಮೊದಲು ರೊಟ್ಟಿ ಒಡೆಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಮೀಸೆ ಮೊದಲು ಬಂತು, ಹಿಂದೆ ಮಾವ.

"ಏನದು?"

"ಎಂಚಿಲಾಡ್ರಿ."

"ಇಂಚಿನ ಲಾಡೂನಾ? ಲಾಡು ಹಿಂಗಿರ್ತೈತೇನು?"

ಅಂಜನಕುಮಾರ ಪೇಪರು ತೋರಿಸಿ ಇದ್ದದ್ದು ಇದ್ದಂತೆ ಒಪ್ಪಿಕೊಂಡ. ಬೈಗುಳಕ್ಕೆ ಕಾದ. ಮೈಲಾರಲಿಂಗ ಮಾತ್ರ ಧೋತರ ಮೇಲಕ್ಕೆ ಕಟ್ಟಿ ರೊಟ್ಟಿ ಬುಟ್ಟಿ ಎಳೆದುಕೊಂಡರು.

"ಕುರಿ ಹಿಂದ ಕೃಷ್ಣಾ ದಂಡಿತನಕ ಆರಾರು ತಿಂಗಳು ಅಡ್ಡಾಡಿದಾವ ನಾನು. ಅಲ್ಲಿ ನಿಮ್ಮತ್ತಿ ಬಂದು ಅಡಗಿ ಮಾಡ್ತಿದ್ಲೇನು? ಬಾಗಲ ಯಾಕ ಮುಚ್ಚೀರಿ? ರೊಟ್ಟಿಗೆ ನೀರು ಹೊಡದು ಹಸೀ ಅರಿವ್ಯಾಗ ಸುತ್ರಿ, ಉಗಿ ಮ್ಯಾಲ ಇಡ್ರಿ. ತಾನ ಬಗ್ಗತೈತಿ."

ನಿಜಕ್ಕೂ ಬಗ್ಗಿತು. ಆರು ರೊಟ್ಟಿ ಅಲಸಂದಿ ತುಂಬಿಕೊಂಡು, ಟೊಮೇಟೊ ಗೊಜ್ಜು ಹೊದ್ದು ಹಂಚಿನ ಮೇಲೆ ಸಾಲಾಗಿ ಮಲಗಿದವು. ಮಾವ ಕೈ ತೊಳೆಯಲು ಹೋದರು. ಚೀಸ್ ಒಂದು ಇರಲಿಲ್ಲ. ಮೂಲೆಯ ಡಬ್ಬಿಯಲ್ಲಿದ್ದ ಗಿಣ್ಣ ಪೇಪರಿನ ಚಿತ್ರದಲ್ಲಿದ್ದ ಚೀಸಿನ ಹಾಗೇ ಕಂಡದ್ದರಿಂದ ಅಂಜನಕುಮಾರ ಅರ್ಧ ಡಬ್ಬಿ ಪುಡಿ ಮಾಡಿ ಉದುರಿಸಿದ.

"ಅಯ್ಯಯ್ಯ!" ಮಾವ ಓಡಿ ಬಂದರು. "ಅದಕ ಬೆಲ್ಲ, ಯಾಲಕ್ಕಿ ಹಾಕ್ಯಾಳ ನಿಮ್ಮತ್ತಿ!"

ಇಬ್ಬರೂ ಚಮಚ ಹಿಡಿದು ಎತ್ತಲು ನೋಡಿದರು. ಗಿಣ್ಣ ಆಗಲೇ ಗೊಜ್ಜಿನೊಂದಿಗೆ ಸಂಸಾರ ಹೂಡಿತ್ತು. ಸಿಹಿ ಮುಚ್ಚಲು ಖಾರ ಬೇಕೆಂದು ಮಾವ, ಹುಳಿ ಬೇಕೆಂದು ಅಳಿಯ ವಾದಕ್ಕೆ ನಿಂತರು. ಎಂಟಕ್ಕೆ ವಾಣಿಶ್ರೀ ಬಂದಾಗ ಒಬ್ಬರ ಕೈಯಲ್ಲಿ ಖಾರದಪುಡಿ, ಇನ್ನೊಬ್ಬರ ಕೈಯಲ್ಲಿ ಹುಣಸೆರಸ. ಎರಡೂ ಸುರಿದಾಗಿತ್ತು.

ಅವಳು ಕೈ ತೊಳೆದು ಕೂತು ಒಂದು ತುತ್ತು ಬಾಯಿಗಿಟ್ಟಳು. ಹುಬ್ಬು ಏರಿತು, ಇಳಿಯಿತು, ಮತ್ತೆ ಏರಿತು.

"ಯಾರು ಮಾಡಿದ್ದಿದು?"

ಅಳಿಯ ಮಾವನ ಕಡೆ, ಮಾವ ಅಳಿಯನ ಕಡೆ ಬೆರಳು ತೋರಿಸಿದರು. ವಾಣಿಶ್ರೀಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡು ಒಂದಲ್ಲ, ಮೂರು ತಿಂದಳು.

"ಹೊಟ್ಟಿಗೇನು ಅಡ್ಡಿಯಿಲ್ಲ," ಎಂದರು ಮೈಲಾರಲಿಂಗ ಎರಡನೆಯದನ್ನು ಮುರಿಯುತ್ತ, "ಬಾಯಿಗಷ್ಟ ಗೊತ್ತಾಗಬಾರ್ದು."

ಬೆಳಿಗ್ಗೆಯಿಂದ ನಾಲ್ಕು ಹೆರಿಗೆಯಾಗಿದ್ದವು. ಅವಳಿ ಮಕ್ಕಳ ಕತೆ ಹೇಳುತ್ತ ಹೇಳುತ್ತ ಅರ್ಧಕ್ಕೇ ಗೋಡೆಗೊರಗಿ ವಾಣಿಶ್ರೀ ನಿದ್ದೆ ಹೋದಳು. ಮಾವ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿ, ತಟ್ಟೆಗಳನ್ನು ಸಪ್ಪಳವಾಗದಂತೆ ಎತ್ತಿಕೊಂಡರು. ಹಿತ್ತಲ ನಳದಲ್ಲಿ ಅವರು ತಿಕ್ಕಿದರು, ಅಳಿಯ ತೊಳೆದ.

"ದೀಪಾವಳಿಗೆ ಗುಂಡುಮಾಲಿಗೆ ಬರ್ರಿ," ಎಂದರು ಮಾವ, ಹಂಚಿನ ತಳ ಕೆರೆಯುತ್ತ. "ಹೋಳಿಗಿ ಮಾಡಾಕ ನಾ ಕಲಿಸ್ತೇನಿ."