ಎರಡು ಕುಡಿಕೆ ಬೂದಿ

ಯುದ್ಧ ನಡೆದದ್ದು ಸಮುದ್ರದಾಚೆ, ಅದರ ಬಿಸಿ ತಟ್ಟಿದ್ದು ಟಿಕೋಟದ ಬಚ್ಚಲಿಗೆ. ಮೊದಲು ಸಾಬೂನು ಕಾಣದಾಯಿತು, ಆಮೇಲೆ ಸೋಡಾ, ಆಮೇಲೆ ಸೀಮೆಎಣ್ಣೆ ಮತ್ತು ಅರಿವೆ. ಸಾಹುಕಾರರು ಕಾಳಬಜಾರಿನಲ್ಲಿ ಸಾಬೂನು ತರಿಸಿ, ಚಿನ್ನ ಇಟ್ಟ ಹಾಗೆ ಕಪಾಟಿನಲ್ಲಿಟ್ಟು ಬೀಗ ಜಡಿದುಕೊಂಡರು. ಉಳಿದವರು ಗುರುಸಿದ್ದವ್ವನ ಮನೆಯ ದಾರಿ ಹಿಡಿದರು.

ಗುರುಸಿದ್ದವ್ವನ ಗಂಡನದು ಭಸ್ಮ ಮಾಡುವ ಮನೆತನ. ಆಕಳ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಅರಿವೆಯಲ್ಲಿ ಸೋಸಿ, ತಳಕ್ಕೆ ಕುಳಿತದ್ದನ್ನು ನೆರಳಿನಲ್ಲಿ ಒಣಗಿಸಿ, ಮತ್ತೆ ಜರಡಿ ಹಿಡಿದು ಅವರು ಮಾಡಿದ ಭಸ್ಮ ಸುತ್ತಲಿನ ಮಠಗಳಿಗೆ ಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೂ ಆಕೆ ಅದನ್ನು ಬಿಡಲಿಲ್ಲ. ಆದರೆ ಭಸ್ಮದಿಂದ ಪುಣ್ಯ ಬರುತ್ತದೆ, ಜೋಳ ಬರುವುದು ಕಷ್ಟ. ಸಾಬೂನು ಸಿಗದ ಕಾಲಕ್ಕೆ ಆಕೆ ಇನ್ನೊಂದು ಒಲೆ ಹೂಡಿದಳು. ಉತ್ತರಾಣಿ ಗಿಡ, ಕುಸುಬಿಯ ಕಟ್ಟಿಗೆ ಸುಟ್ಟ ಬೂದಿ, ಹಳ್ಳದ ದಂಡೆಯ ಸವಳು ಮಣ್ಣು, ಮೇಲೆ ಒಂದಿಷ್ಟು ಸುಣ್ಣ. ಮೂರನ್ನೂ ಕುಟ್ಟಿ ಜರಡಿ ಹಿಡಿದರೆ ಎಂಥ ಜಿಡ್ಡಿನ ಪಾತ್ರೆ ಭಾಂಡೆಯೂ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ತಾಮ್ರಕ್ಕೆ ಹುಣಸೆಹಣ್ಣು, ರೇಷ್ಮೆಗೆ ಅಂಟವಾಳ ಎಂದು ಕೇಳಿದವರಿಗೆಲ್ಲ ಕೈಬಿಚ್ಚಿ ಹೇಳಿಕೊಡುತ್ತಿದ್ದಳು. ಒಂದೆರಡು ವರ್ಷದಲ್ಲಿ ಆಕೆಯ ಪುಡಿ ಅಥಣಿ ರಸ್ತೆ ಹಿಡಿದು ವಿಜಾಪುರದ ಹೋಟೆಲುಗಳ ತನಕ ಮುಟ್ಟಿತು. ಅದರ ಜೊತೆಗೆ ಹೆಸರೂ ಬಂತು: ಬೂದಿ ಗುರುಸಿದ್ದವ್ವ.

ಆ ಹೆಸರು ಬಬಲೇಶ್ವರದಲ್ಲಿದ್ದ ಬೀಗತಿ ಮುರಿಗೆವ್ವನ ಹೊಟ್ಟೆಗೆ ಬೆಂಕಿ ಹಾಕಿತು. ಗುರುಸಿದ್ದವ್ವನ ಒಬ್ಬಳೇ ಮಗಳು ರುದ್ರವ್ವನನ್ನು ಮುರಿಗೆವ್ವನ ಮಗ ಶಿವಶರಣಪ್ಪನಿಗೆ ಕೊಟ್ಟಿದ್ದರು. ಕೊಡುವಾಗ ಅದು ಭಸ್ಮದವರ ಮನೆ. ಈಗ ಭಾಂಡೆ ಬೂದಿಯವರ ಮನೆಯಾಗಿತ್ತು. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆಯಲು ಹೋದ ಗುರುಸಿದ್ದವ್ವನನ್ನು ಮುರಿಗೆವ್ವ ಹೊಸ್ತಿಲಲ್ಲೇ ನಿಲ್ಲಿಸಿದ್ದಳು.

"ಬೂದಿ ಮಾರೋ ಮನ್ಯಾಗ ನಮ್ಮ ಕೂಸು ಹುಟ್ಟೂದು ಬ್ಯಾಡ. ಇಲ್ಲೇ ಆಗ್ಲಿ."

ತವರಿನಲ್ಲಿ ಆಗಬೇಕಾದ ಬಾಣಂತನ ಗಂಡನ ಮನೆಯಲ್ಲಾಯಿತು. ಗುರುಸಿದ್ದವ್ವ ಅದನ್ನೂ ನುಂಗಿಕೊಂಡಳು. ಹೆಣ್ಣು ಹೆತ್ತವರು ನುಂಗುವುದಕ್ಕೆ ಒಂದು ಲೆಕ್ಕ ಇದೆಯೇ?

ಗಂಡು ಕೂಸು ಹುಟ್ಟಿದ ಸುದ್ದಿಯನ್ನು ಬೀಗರ ಮನೆಯ ಆಳು ಹಣಮಂತ ತಂದ. ಅವನ ಬಾಯಲ್ಲಿ ರುದ್ರವ್ವ ಗುಟ್ಟಾಗಿ ಒಂದು ಮಾತು ಕಳಿಸಿದ್ದಳು. ಕೂಸಿಗೆ ಲಿಂಗ ಕಟ್ಟುವ ದಿನ ಅದರ ಹಣೆಗೆ ಮೊದಲು ಬೀಳುವುದು ತವರಿನ ಭಸ್ಮವೇ ಆಗಬೇಕು, ಅಪ್ಪ ಹಚ್ಚುತ್ತಿದ್ದಂಥದ್ದೇ. ಇದನ್ನು ಕೇಳಿ ಗುರುಸಿದ್ದವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದ್ದುದರಲ್ಲೇ ನಯವಾದ ಭಸ್ಮವನ್ನು ಹೊಸ ಕುಡಿಕೆಗೆ ತುಂಬಿ ಬಾಯಿ ಕಟ್ಟಿದಳು. ಪಕ್ಕದಲ್ಲಿ ವಿಜಾಪುರಕ್ಕೆ ಒಯ್ಯಬೇಕಾದ ಪುಡಿಯ ಕುಡಿಕೆಯೂ ಇತ್ತು. ಮೊದಲೆಲ್ಲ ಭಸ್ಮಕ್ಕೆ ಬಿಳಿ ಅರಿವೆ, ಪುಡಿಗೆ ಕೆಂಪು ಅರಿವೆ ಕಟ್ಟುತ್ತಿದ್ದಳು. ಈಗ ಚಿಂದಿಗೂ ಬರ. ಒಂದೇ ಹಳೇ ಸೀರೆಯನ್ನು ಹರಿದು ಎರಡಕ್ಕೂ ಕಟ್ಟಿದ್ದಳು. ಹಣಮಂತ ಹೊರಗೆ ಬಂಡಿಗೆ ಎತ್ತು ಕಟ್ಟಿ, "ಲಗೂನ ಕೊಡಬೇ, ಹೊತ್ತಾತು," ಎಂದು ಕೂಗಿದ. ಆಕೆ ಒಂದನ್ನು ಎತ್ತಿ, ಕಣ್ಣಿಗೆ ಒತ್ತಿಕೊಂಡು, ಅವನ ಕೈಗಿಟ್ಟಳು.

ಲಿಂಗ ಕಟ್ಟುವ ಕಾರ್ಯಕ್ಕೆ ಆಕೆಗೆ ಕರೆ ಇರಲಿಲ್ಲ. ತೊಟ್ಟಿಲ ದಿನ ಬಂದರೆ ಸಾಕೆಂದು ಹೇಳಿ ಕಳಿಸಿದ್ದರು. ಹೀಗಾಗಿ ಆ ದಿನ ಬೆಳಿಗ್ಗೆ ಮನಸ್ಸೆಲ್ಲ ಬಬಲೇಶ್ವರದಲ್ಲಿಟ್ಟುಕೊಂಡು ಆಕೆ ವಿಜಾಪುರಕ್ಕೆ ಹೋಗಿದ್ದಳು. ಚಹಾದ ಹೋಟೆಲಿನ ಲಾಡಲೇಸಾಬ ಆಕೆ ತಂದ ಕುಡಿಕೆ ಬಿಚ್ಚಿ, ಕರಿಹಿಡಿದ ಪಾತೇಲಿಗೆ ಒಂದು ಮುಷ್ಟಿ ಹಾಕಿ ತಿಕ್ಕಿದ. ಮತ್ತೊಂದು ಮುಷ್ಟಿ ಹಾಕಿ ತಿಕ್ಕಿದ.

"ಯಕ್ಕಾ, ಈ ಸಲದ ಮಾಲು ಬರೋಬರಿ ಇಲ್ಲ ನೋಡ್ರಿ. ಜಿಡ್ಡು ಅಲ್ಲಾಡವಲ್ದು. ಹಿಟ್ಟು ಹಾಕಿ ತಿಕ್ಕಿದಂಗಾಗೈತಿ."

"ನನ್ನ ಪುಡಿ ಅಲ್ಲಾಡಿಸದ ಜಿಡ್ಡು ಇನ್ನೂ ಹುಟ್ಟಿಲ್ಲ, ತಾ ಇಲ್ಲಿ," ಎಂದು ಗುರುಸಿದ್ದವ್ವ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತೀಡಿದಳು. ಮೆತ್ತಗಿತ್ತು. ನಾಲಿಗೆಯ ತುದಿಗೆ ಹಚ್ಚಿದಳು. ಚುರ್ ಎನ್ನಲಿಲ್ಲ.

ಇಲ್ಲಿ ಪಾತೇಲಿ ತಿಕ್ಕುತ್ತಿರುವುದು ಭಸ್ಮವಾದರೆ ಅಲ್ಲಿಗೆ ಹೋದದ್ದು ಯಾವುದು?

ಆ ಪುಡಿ ಏನು ಮಾಡುತ್ತದೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಒಣಗಿದ್ದಾಗ ಪಾಪದ ಪ್ರಾಣಿ, ನೀರು ತಗುಲಿದರೆ ಮಾರಿ. ಆಕೆಯ ಬೆರಳ ತುದಿಯ ಚರ್ಮ ಎಷ್ಟು ಸಲ ಸುಲಿದಿತ್ತೋ. ಒಮ್ಮೆ ಒಂದು ಹನಿ ಕಣ್ಣಿಗೆ ಸಿಡಿದು, ವಾರಗಟ್ಟಲೆ ಗೋಡೆ ಹಿಡಿದು ನಡೆದಿದ್ದಳು. ಕೂಸಿಗಾದರೆ ನೀರು ಹಾಕಿ, ಭಸ್ಮವನ್ನು ನೀರಲ್ಲಿ ಕಲಸಿ ಹಣೆ ತುಂಬ ಬಳಿಯುತ್ತಾರೆ. ಅಲ್ಲಿಂದ ಅದು ಇಳಿಯುವುದು ಕಣ್ಣಿಗೆ.

"ಬಬಲೇಶ್ವರಕ್ಕ ಮೋಟಾರ ಎಷ್ಟೊತ್ತಿಗೈತಿ ಸಾಬಣ್ಣಾ?" ಎಂದಳು.

ಲಾಡಲೇಸಾಬ ಏನಾಯಿತೆಂದು ಕೇಳುವಷ್ಟರಲ್ಲಿ ಆಕೆ ರಸ್ತೆಯಲ್ಲಿದ್ದಳು.

ಮೋಟಾರು ನಿಂತಿತ್ತು, ಅದೊಂದೇ ಪುಣ್ಯ. ಪೆಟ್ರೋಲು ದಂಡಿಗೆ ಹೋಗಿ, ಆಗ ಮೋಟಾರುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದರು. ಆ ಒಲೆ ಊದಿ ಊದಿ ಬಿಸಿಯಾಗಬೇಕು, ಗ್ಯಾಸು ಏಳಬೇಕು, ಆಮೇಲೆ ಗಾಡಿ ಏಳಬೇಕು. ಡ್ರೈವರ್ ಬೀಡಿ ಸೇದುತ್ತ ಒಲೆಗೆ ತಿದಿ ಒತ್ತುತ್ತಿದ್ದ. ಗುರುಸಿದ್ದವ್ವ ಹತ್ತಿ ಕುಳಿತಳು, ಇಳಿದಳು, ಮತ್ತೆ ಹತ್ತಿದಳು.

"ಎಷ್ಟೊತ್ತೋ ಯಪ್ಪಾ?"

"ಬೆಂಕಿ ನಾ ಹೇಳಿದಂಗ ಕೇಳತೈತೇನಬೇ?"

ಕೊನೆಗೂ ಗಾಡಿ ಕೆಮ್ಮಿ ಹೊರಟಿತು. ಎರಡೂ ಕಡೆ ಕರಿ ಹೊಲ, ಎದೆಮಟ್ಟ ಜೋಳ. ಗುರುಸಿದ್ದವ್ವನಿಗೆ ಒಂದೂ ಕಾಣಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಹಿಡಿದು ತಾನೇ ಗಾಡಿ ನೂಕುತ್ತಿರುವವಳಂತೆ ಬಾಗಿ ಕುಳಿತಿದ್ದಳು. ಸ್ವಾಮಿಗಳು ಈಗ ಮನೆಗೆ ಬಂದಿರಬಹುದು. ಈಗ ಪಾದ ತೊಳೆದಿರಬಹುದು. ಈಗ ಕುಡಿಕೆಯ ಬಾಯಿ ಬಿಚ್ಚಿರಬಹುದು. ಇಲ್ಲ, ಇನ್ನೂ ಬಿಚ್ಚಿಲ್ಲ. ಹೀಗೆ ಹತ್ತು ಸಲ ಬಿಚ್ಚಿ ಹತ್ತು ಸಲ ಕಟ್ಟಿದಳು.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ನಿಡೋಣಿಯ ಹನಮವ್ವ ಎಂದು ತಾನೇ ಹೇಳಿಕೊಂಡವಳು, ಆಕೆಯ ಮುಖವನ್ನು ನೋಡಿ ನೋಡಿ ಗುರುತು ಹಿಡಿದಳು.

"ಟಿಕೋಟದ ಬೂದಿ ಗುರುಸಿದ್ದವ್ವ ಅಲ್ಲೇನ್ರಿ ನೀವು? ನಿಮ್ಮನ್ನ ದೇವರ ಕಳಿಸಿದ ನೋಡ್ರಿ. ನಮ್ಮ ಮನಿಯವರ ಧೋತರದ ಮ್ಯಾಲ ಅರಿಷಿಣ ಬಿದ್ದೈತಿ, ಏನ ಮಾಡ್ಲಿ?"

"ಲಿಂಬಿಹಣ್ಣ ಹಚ್ಚಿ ಬಿಸಲಿಗೆ ಒಗಿ."

"ಎಣ್ಣಿ ಕಲೆಗೆ?"

"ಕಡ್ಲಿಹಿಟ್ಟು."

"ಮತ್ತ ಕಂಬಳಿಗೆ?"

"ಅಂಟವಾಳದ ನೀರು. ಕುದಿಯೋ ನೀರು ಮುಟ್ಟಸಬ್ಯಾಡ."

"ಸಣ್ಣ ಕೂಸಿನ ಅರಿವಿಗೆ ಏನ ಛಲೋ ರೀ? ಅವುಕ್ಕ ಮೈ ಅಂದ್ರ ಬೆಣ್ಣಿ, ಸ್ವಲ್ಪ ಹೆಚ್ಚು ಕಡಿಮಿ ಆದ್ರ..."

ಗುರುಸಿದ್ದವ್ವ ಮುಖ ತಿರುಗಿಸಿದಳು. ಸೆರಗು ಬಾಯಿಗೆ ಹೋಯಿತು. ಇಷ್ಟು ಜಂಬದ ಹೆಂಗಸು ಇನ್ನೊಬ್ಬಳಿಲ್ಲ ಎಂದುಕೊಂಡು ಹನಮವ್ವ ಸುಮ್ಮನಾದಳು.

ಒಂದು ಏರಿನಲ್ಲಿ ಗಾಡಿ ನಿಂತಿತು. ಒಲೆ ಆರಿತ್ತು. ಡ್ರೈವರ್ ಇಳಿದು ಮತ್ತೆ ಬೀಡಿ ಹಚ್ಚಿದಾಗ ಗುರುಸಿದ್ದವ್ವ ಅವನ ಏಳು ತಲೆಮಾರನ್ನು ಬೈದು ಕೆಳಗೆ ಹಾರಿದಳು.

"ಇನ್ನೂ ಒಂದು ಹರದಾರಿ ದಾರಿ ಐತಬೇ! ಈ ಬಿಸಲಾಗ ಎಲ್ಲಿ ಹೊಂಟಿ?" ಎಂದು ಅವನು ಕೂಗಿದ.

ಆಕೆ ಓಡಿದಳು. ಓಡಲಾಗದಾಗ ನಡೆದಳು. ಚಪ್ಪಲಿ ಹರಿದಾಗ ಅಲ್ಲೇ ಬಿಟ್ಟಳು. ಊರ ಅಗಸಿ ಬಾಗಿಲು ದಾಟುವಾಗ ಯಾರೋ ಗುರುತಿನವರು ಮಾತನಾಡಿಸಿದರು. ಆಕೆ ನಿಲ್ಲಲಿಲ್ಲ.

ಬೀಗರ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಎಂದರೆ ಕಾರ್ಯ ಮುಗಿದಿತ್ತು. ಗೋಡೆ ಹಿಡಿದು ಕಿವಿಗೊಟ್ಟಳು. ಕೂಸು ಅಳುವ ದನಿ ಇಲ್ಲ. ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಸೀದಾ ಬಾಣಂತಿ ಕೋಣೆಯಿದ್ದ ಹಿತ್ತಲ ಕಡೆಗೆ ನಡೆದಳು. ಅಲ್ಲಿ ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಹಿತ್ತಾಳೆ ಕೊಡ, ತಾಮ್ರದ ಹಂಡೆ, ತಂಬಿಗೆ, ಎಲ್ಲ ಹೊಸವೆಂಬಂತೆ ಬಿಸಿಲಿಗೆ ಝಗಝಗ ಎನ್ನುತ್ತಿದ್ದವು. ಅವುಗಳ ನಡುವೆ, ಬಾಯಿ ಬಿಚ್ಚಿದ ಅವಳ ಕುಡಿಕೆ. ಕೆಲಸದಾಕೆ ಅದರಿಂದ ಪುಡಿ ತೆಗೆದು ಪರಾತ ತಿಕ್ಕುತ್ತಿದ್ದಳು.

ಮುರಿಗೆವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ಕರೆಯದೆ ಬಂದ ಬೀಗತಿ ಜಗಳಕ್ಕೇ ಬಂದಿದ್ದಾಳೆಂದು ಆಕೆಯ ಲೆಕ್ಕ.

"ಏನ ನೋಡಾಕತ್ತೀರಿ? ಹೌದು, ನಾನ ಹಾಕಿಸೀನಿ ಭಾಂಡೆಗೆ. ಮಠದ ಭಸ್ಮ ಇತ್ತು ನಮಗ. ಭಾಂಡೆ ಬೂದಿ ಮಾರೋರು ಕಳಿಸಿದ್ದು ಭಾಂಡೆಗೇ ಸರಿ ಅಂದೆ."

ಇಡೀ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಭಸ್ಮವನ್ನು ಎಂಜಲು ಪಾತ್ರೆಗೆ ಹಾಕುವುದೆಂದರೆ! ಆದರೆ ಗುರುಸಿದ್ದವ್ವನಿಗೆ ಕೇಳಿಸಿದ್ದು ಒಂದೇ, ಕೂಸಿನ ಹಣೆಗೆ ಅದು ಬಿದ್ದಿಲ್ಲ. ಬಗ್ಗಿ ಬೀಗತಿಯ ಎರಡೂ ಕಾಲು ಹಿಡಿದಳು.

"ಛಲೋ ಮಾಡಿದ್ರಿ ಬೀಗತ್ಯಾರ. ಭಾಳ ಛಲೋ ಮಾಡಿದ್ರಿ."

ಮುರಿಗೆವ್ವ ಗಾಬರಿಯಾಗಿ ಹಿಂದೆ ಸರಿದಳು. ಜಗಳಕ್ಕೆ ಹದ ಮಾಡಿಟ್ಟುಕೊಂಡಿದ್ದ ಮಾತೆಲ್ಲ ದಂಡವಾಯಿತು.

ಅಷ್ಟರಲ್ಲಿ ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ಕಿವಿಗೆ ಅರಿವೆ ಕಟ್ಟಿಕೊಂಡ ರುದ್ರವ್ವ ಹೊರಗೆ ಬಂದಳು, ಎದೆಗೆ ಕೂಸು. ಅತ್ತೆ ಜೋರಾಗಿ ಆಡಿದ್ದು ಒಳಗೆ ಕೇಳಿತ್ತು.

"ನಮ್ಮವ್ವ ಭಸ್ಮ ಕಳಿಸೇ ಇಲ್ಲ ಅಂತ ಹೇಳಿದ್ರಲ್ಲ ನನಗ? ಇಲ್ಲಿ ತಂದು ಭಾಂಡೆಗೆ ಹಾಕೀರಿ?"

ಮದುವೆಯಾದಾಗಿನಿಂದ ಈ ಮನೆಯಲ್ಲಿ ತಲೆ ಎತ್ತದ ಹುಡುಗಿ ಸರಸರ ಬಂದು ಕುಡಿಕೆ ಎಳೆದುಕೊಂಡಳು. ಕಟ್ಟೆಯ ಮೇಲಿದ್ದ ನೀರಿನಲ್ಲಿ ಬೆರಳು ಅದ್ದಿ, ಕುಡಿಕೆಯಲ್ಲಿ ಒತ್ತಿದಳು.

"ನಮ್ಮಪ್ಪನ ಮನಿ ಭಸ್ಮ ಇದು. ಎಲ್ಲಾರ ಮುಂದ ನನ್ನ ಮಗನ ಹಣಿಗೆ ಹಚ್ತೀನಿ. ಯಾರ ಬ್ಯಾಡ ಅಂತೀರಿ ನೋಡೂಣು."

"ಬ್ಯಾಡ!" ಎಂದು ಗುರುಸಿದ್ದವ್ವ ಕಿರುಚಿ ಮಗಳ ಮುಂಗೈ ಹಿಡಿದಳು. "ಅದು ಭಸ್ಮ ಅಲ್ಲ. ಭಾಂಡೆ ತಿಕ್ಕೋ ಪುಡಿ. ಸುಣ್ಣ ಹಾಕಿದ್ದು."

ಹಿತ್ತಲ ತುಂಬ ಹೆಂಗಸರು ಸೇರಿದ್ದರು. ಅವರೆದುರು, ಮುರಿಗೆವ್ವನ ಮಾತನ್ನು ತಾನೇ ತನ್ನ ಬಾಯಿಂದ ಆಡಿದ್ದಳು. ರುದ್ರವ್ವ ತಾಯಿಯನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ಇನ್ನೆಷ್ಟು ಬಗ್ತೀಯಬೇ ಇವರ ಮುಂದ? ಆಕಿ ಕಾಲೂ ಹಿಡದಿ, ಈಗ ನಿನ್ನ ಭಸ್ಮಾನ ನೀನ ಬೂದಿ ಅಂತಿ. ನನ್ನ ಸಂಸಾರ ಉಳಸಾಕ ಸುಳ್ಳು ಹೇಳಬ್ಯಾಡ. ಬಿಡು ಕೈ."

"ಸುಳ್ಳಲ್ಲ ಮಗಳ, ನನ್ನಾಣಿ."

"ಬಿಡು!"

ಹಸಿ ಬಾಣಂತಿ, ಎದೆಯ ಮೇಲೆ ಕೂಸು. ಜಗ್ಗಾಡುವಂತಿರಲಿಲ್ಲ. ಗುರುಸಿದ್ದವ್ವ ಅವಳ ಕೈ ಬಿಟ್ಟು ಕುಡಿಕೆಯನ್ನು ಕಿತ್ತುಕೊಂಡಳು. ಅಂಗೈ ತುಂಬ ಪುಡಿ ಸುರಿದು, ಮೇಲೆ ನೀರು ಹಾಕಿ ಕಲಸಿ, ಮೂರು ಬೆರಳು ಕೂಡಿಸಿ ತನ್ನ ಹಣೆಯ ಈ ಕಡೆಯಿಂದ ಆ ಕಡೆಗೆ ಎಳೆದಳು. ಬಿಸಿಲಲ್ಲಿ ಬೆವೆತು ಬೆಂದಿದ್ದ ಹಣೆ. ಒರೆಸಿಕೊಳ್ಳದೆ ಮಗಳ ಮುಂದೆ ನಿಂತಳು.

"ನೋಡು. ಅವಸರ ಮಾಡಬ್ಯಾಡ, ಸುಮ್ನ ನೋಡು."

ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಳಿ ಪಟ್ಟಿಗಳ ಅಂಚಿನಲ್ಲಿ ಚರ್ಮ ಕೆಂಪಗಾಯಿತು. ಕೆಂಪು ಹುಬ್ಬಿನ ತನಕ ಇಳಿಯಿತು. ಗುರುಸಿದ್ದವ್ವ ಹಲ್ಲು ಕಚ್ಚಿದಳು, ಕಣ್ಣು ಮುಚ್ಚಲಿಲ್ಲ. ಆ ಕಣ್ಣುಗಳಿಂದ ನೀರು ತಾನಾಗಿ ಧಾರಾಕಾರ ಸುರಿಯತೊಡಗಿತು. ರುದ್ರವ್ವನ ಬೆರಳಿಗೂ ಅಷ್ಟೊತ್ತಿಗೆ ಚುರುಕು ಮುಟ್ಟಿತು. ಅವಳು ಬೆಚ್ಚಿ ಬೆರಳನ್ನು ನೋಡಿಕೊಂಡಳು, ಕೂಸಿನ ಹಣೆಯನ್ನು ನೋಡಿದಳು, ಆ ಕೈಯನ್ನು ಬೆನ್ನ ಹಿಂದೆ ಒಯ್ದು ಅಲ್ಲೇ ಕುಸಿದು ಕುಳಿತಳು.

"ಯವ್ವಾ... ನಾ ಇದನ್ನ..."

"ನೀ ಅಲ್ಲ. ನಾ ಕಳಿಸಿದ್ದು. ಕುಡಿಕಿ ಅದಲ ಬದಲ ಆತು. ಅದನ್ನ ಹೇಳಾಕ ಓಡಿ ಬಂದೀನಿ."

ಮುರಿಗೆವ್ವ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಗೆದ್ದ ಮಾತು ಆಡಲು ಇದಕ್ಕಿಂತ ಒಳ್ಳೆಯ ಹೊತ್ತು ಆಕೆಗೆ ಜನ್ಮದಲ್ಲಿ ಸಿಗುವಂತಿರಲಿಲ್ಲ. ಆಕೆಯ ದೃಷ್ಟಿ ಬೀಗತಿಯ ಹಣೆಯಿಂದ ಕೆಳಗಿಳಿದು ಬರಿಗಾಲಿನ ಮೇಲೆ ನಿಂತಿತು. ಮುಳ್ಳು ಹೊಕ್ಕು ರಕ್ತ ಒಣಗಿದ ಕಾಲು. ಆಕೆ ತಂಬಿಗೆಯಲ್ಲಿ ತಣ್ಣೀರು ತುಂಬಿ ತಂದು, ಗುರುಸಿದ್ದವ್ವನ ತಲೆ ಬಗ್ಗಿಸಿ, ಹಣೆಯ ಮೇಲೆ ಹೊಯ್ದಳು. ಮತ್ತೆ ತುಂಬಿ ತಂದು ಹೊಯ್ದಳು. ಸೊಸೆಯ ಬೆರಳನ್ನೂ ತಾನೇ ಹಿಡಿದು ತೊಳೆದಳು. ಆಮೇಲೆ ರುದ್ರವ್ವನ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು ಬೀಗತಿಯ ಮುಂದೆ ಹಿಡಿದಳು.

"ತಗೋರಿ. ಮೊಮ್ಮಗನ್ನ ಇನ್ನೂ ನೋಡೇ ಇಲ್ಲ ನೀವು."

ಗುರುಸಿದ್ದವ್ವ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಕೂಸು ಕಣ್ಣು ಬಿಟ್ಟು ಬಿಸಿಲಿಗೆ ಮುಖ ಕಿವುಚಿತು. ನೀರು ತುಂಬಿದ ಆಕೆಯ ಕಣ್ಣಿಗೆ ಅದರ ಮುಖ ಸರಿಯಾಗಿ ಕಾಣಲೂ ಇಲ್ಲ.

"ಬ್ಯಾಡ್ರಿ. ನನ್ನ ಕೈಗೆ ಹತ್ತೈತದು. ಮೊದಲು ಕೈಮ್ಯಾಲ ನೀರ ಹಾಕ್ರಿ."

ಮುರಿಗೆವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕೈಯಿಂದ ನೀರು ಹಾಕಿದಳು. ಗುರುಸಿದ್ದವ್ವ ಬೆರಳ ಸಂದು, ಉಗುರ ಸಂದು, ಮುಂಗೈ ಎಲ್ಲ ತಿಕ್ಕಿ ತೊಳೆದಳು. ಕೈ ಮೂಗಿಗೆ ಹಿಡಿದು ನೋಡಿದಳು. ಮತ್ತೆ ಚಾಚಿದಳು.

"ಸಾಕ್ರಿ ಬೀಗತ್ಯಾರ, ಹೋಗೈತಿ ಎಲ್ಲಾ," ಎಂದಳು ಮುರಿಗೆವ್ವ.

"ಇಲ್ರಿ, ಇನ್ನೂ ಒಂದು ತಂಬಿಗಿ ಹಾಕ್ರಿ," ಎಂದು ಗುರುಸಿದ್ದವ್ವ ಅಳುತ್ತ ಕೈ ಮುಂದೆ ಚಾಚಿಯೇ ನಿಂತಳು.