ಅತ್ತಿಗೆಯ ಅರ್ಧ ಟಿಕೆಟ್

ಆಸ್ಪತ್ರೆಯಿಂದ ಫೋನು ಬಂದಾಗ ಪಾಸ್ ಕೌಂಟರಿನ ಗುಮಾಸ್ತ ಮಾರುಕಟ್ಟೆಯ ಬಾಗಿಲಲ್ಲಿ ಮೈಕು ಹಿಡಿದು ನಿಂತಿದ್ದ. ಕಡಿಮೆ ಆದಾಯದವರಿಗೆಂದು ಬಸ್ ಕಚೇರಿ ಅರ್ಧ ದರದ ಕಾರ್ಡು ತಂದು ವರ್ಷವಾಗುತ್ತ ಬಂದಿತ್ತು. ಮಾಡಿಸಿಕೊಂಡವರು ಬೆರಳೆಣಿಕೆಯಷ್ಟು, ಮಾಡಿಸಿಕೊಂಡು ಬಳಸುವವರು ಇನ್ನೂ ಕಡಿಮೆ. ಮೇಲಿನವರು ಸಾಹೇಬರನ್ನು ಬೈಯುತ್ತಿದ್ದರು, ಸಾಹೇಬರು ಇವನನ್ನು ಬೈಯುತ್ತಿದ್ದರು. ಗೋಡೆ ಗೋಡೆಗೂ ಪೋಸ್ಟರ್ ಅಂಟಿಸಿದ್ದಾಗಿತ್ತು, ಈಗ ಗಂಟಲು ಹರಿದುಕೊಳ್ಳುವ ಸರದಿ.

"ನಿಮ್ಮ ಅತ್ತಿಗೆ ರೈಲು ಸೇತುವೆ ಕೆಳಗೆ ಜಾರಿ ಬಿದ್ದಿದ್ದಾರೆ. ಕಾಲಿನ ಮೂಳೆ ಬಿರುಕು ಬಿಟ್ಟಿದೆ," ಅಂದರು ಆಸ್ಪತ್ರೆಯವರು.

ಅವನು ಮೈಕನ್ನು ಪಕ್ಕದವನ ಕೈಗಿಟ್ಟು ಸೈಕಲ್ ಹತ್ತಿದ.

ಅತ್ತಿಗೆ ಕೆಲಸ ಮಾಡುತ್ತಿದ್ದದ್ದೂ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ. ಅವಳು ಅಣ್ಣನ ಕೈಹಿಡಿದು ಮನೆಗೆ ಬಂದಾಗ ಇವನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅಣ್ಣ ತೀರಿಕೊಂಡ ಮೇಲೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಇವನನ್ನು ಓದಿಸಿದ್ದು ಅವಳೇ. ಇವನ ಮದುವೆಯಾದ ತಿಂಗಳಲ್ಲೇ ಗುಡ್ಡದ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದು ಗಂಟುಮೂಟೆ ಕಟ್ಟಿದಳು. "ನಾನೇನು ಬೇರೆ ದೇಶಕ್ಕೆ ಹೋಗ್ತಿದೀನಾ? ಇದೇ ಊರಲ್ಲಿರ್ತೀನಿ," ಅಂದಿದ್ದಳು. ಎಷ್ಟು ಗೋಗರೆದರೂ ಕೇಳಲಿಲ್ಲ. ಅರ್ಧ ದರದ ಕಾರ್ಡು ಬಂದಾಗ ಅವನು ಮೊದಲು ಮಾಡಿಸಿದ್ದು ಅವಳ ಹೆಸರಿಗೇ. ಫೋಟೋ ಹೇಗೂ ಮನೆಯಲ್ಲಿತ್ತು. ಕಾರ್ಡನ್ನು ಅವಳ ಕೈಗಿಟ್ಟು ಬೀಗಿದ್ದ.

ಅತ್ತಿಗೆ ಕಾಲಿಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅವನನ್ನು ಕಂಡವಳೇ, "ಈ ಹಾಸಿಗೆ ಬಟ್ಟೆ ನಾನೇ ಇಸ್ತ್ರಿ ಮಾಡಿದ್ದು. ಮಲಗೋಕೆ ಚೆನ್ನಾಗಿದೆ," ಅಂದಳು.

"ಅದಿರ್ಲಿ ಅತ್ತಿಗೆ. ಮನೆ ಮುಂದೇ ಬಸ್ ನಿಲ್ಲುತ್ತೆ. ನೀವು ಸೇತುವೆ ಕೆಳಗೆ ಯಾಕೆ ಹೋದ್ರಿ?"

"ನಡ್ಕೊಂಡು ಹೋಗೋರು ಅಲ್ಲೇ ಹೋಗಬೇಕು."

"ಕಾರ್ಡು?"

ಅತ್ತಿಗೆ ಮುಖ ತಿರುಗಿಸಿದಳು. ಬಹಳ ಹೊತ್ತು ಕೆದಕಿದ ಮೇಲೆ ಬಾಯಿಬಿಟ್ಟಳು. ಒಂದೇ ಒಂದು ಸಲ ಬಳಸಿದ್ದಳಂತೆ. ಕಾರ್ಡು ತಾಗಿಸಿದ್ದೇ ತಡ, ಯಂತ್ರದೊಳಗಿನ ಹೆಂಗಸು 'ರಿಯಾಯಿತಿ ಕಾರ್ಡು, ಅರ್ಧ ದರ' ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದಳಂತೆ. ಹಿಂದಿನ ಸೀಟಿನ ಯಾರೋ ಪಡ್ಡೆ, 'ಅರ್ಧ ಟಿಕೆಟ್ಟಾ? ಯಾವ ಕ್ಲಾಸಲ್ಲಿ ಓದ್ತಿದೀಯ ಮಗೂ?' ಅಂದನಂತೆ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ಹಿಂದೆ ಲಾಂಡ್ರಿಯ ಮೇಲ್ವಿಚಾರಕಿಯೂ ಇದ್ದಳಂತೆ.

"ಅಷ್ಟಕ್ಕೇ ಕಾಲು ಮುರ್ಕೊಂಡ್ರಾ?" ಅಂದ ಅವನು.

"ನೀನು ಸೈಕಲ್ ಮೇಲೆ ಓಡಾಡೋನು. ಒಂದು ದಿನ ಬಸ್ಸಲ್ಲಿ ಹೋಗಿ ನೋಡು," ಅಂದಳು ಅತ್ತಿಗೆ.

ಮರುದಿನ ಬೆಳಗ್ಗೆ ಅವನು ಅವಳ ಕಾರ್ಡನ್ನೇ ಕೇಳಿ ಪಡೆದು ಗುಡ್ಡದ ಬಸ್ಸು ಹತ್ತಿದ. ಯಂತ್ರ ಕೂಗಿದ್ದು ನಿಜ. ಒಳಗೆ ನಿಂತವರು ಇವನ ಚಪ್ಪಲಿಯಿಂದ ತಲೆಯ ತನಕ ನೋಡಿದರು. ಒಬ್ಬಾಕೆ ಕೈಚೀಲವನ್ನು ಇನ್ನೊಂದು ಮಗ್ಗುಲಿಗೆ ಎಳೆದುಕೊಂಡಳು. ಅವನ ಕಿವಿ ಬಿಸಿಯಾಯಿತು. ಎಷ್ಟೇ ಆದರೂ ಪರೀಕ್ಷೆಗೆ ಬಂದವನು ತಾನು, ಮುಂದಿನ ನಿಲ್ದಾಣದಲ್ಲಿ ಇಳಿದರಾಯಿತು ಎಂದುಕೊಂಡ. ಮುಂದಿನ ನಿಲ್ದಾಣದಲ್ಲಿ ಟಿಕೆಟ್ ತಪಾಸಣೆಯವನು ಹತ್ತಿದ. ಕೂಗು ಕೇಳಿದವರ ಕಣ್ಣೆಲ್ಲ ಇನ್ನೂ ಇವನ ಮೇಲೇ ಇದ್ದದ್ದು ಕಂಡಿತೋ ಏನೋ, ನೇರ ಇವನ ಹತ್ತಿರವೇ ಬಂದ.

"ಫೋಟೋದಲ್ಲಿರೋದು ನೀವೇನಾ? ಮೀಸೆ ಯಾವಾಗ ಬಂತು?"

ಜನ ಗೊಳ್ಳೆಂದರು. ತಾನು ಪಾಸ್ ಕೌಂಟರಿನವನು ಎಂದು ಇವನು ಹೇಳಲು ಹೋದಷ್ಟೂ ನಗು ಹೆಚ್ಚಾಯಿತು. ತಪಾಸಣೆಯವನು ಬಸ್ಸು ನಿಲ್ಲಿಸಿ, ರಟ್ಟೆ ಹಿಡಿದು ಇಳಿಸಿ, ಕಾರ್ಡು ಕಿತ್ತುಕೊಂಡು, ಅದು ರದ್ದು ಅಂದ. ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ಅವನಿಗೆ. ಬಸ್ಸು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಅತ್ತಿಗೆ ಯಾವ ತಪ್ಪೂ ಮಾಡದೆ ಇದನ್ನು ಉಂಡಿದ್ದಳು ಎಂಬುದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ವಿಷಯ ಅವನಿಗಿಂತ ಮೊದಲೇ ಕಚೇರಿ ಮುಟ್ಟಿತ್ತು. ಸಾಹೇಬರು ಮುಖ ಗಂಟಿಕ್ಕಿಕೊಂಡು ಕೂತಿದ್ದರು.

"ಕಚೇರಿಯವನೇ ಅತ್ತಿಗೆ ಕಾರ್ಡಲ್ಲಿ ಓಡಾಡಿದ್ರೆ ನಾನು ಯಾರಿಗೆ ಮುಖ ತೋರಿಸಲಿ?"

"ತಪ್ಪಾಯ್ತು ಸಾರ್. ದಂಡ ಹಾಕಿ, ಕಟ್ತೀನಿ. ಆದರೆ ಆ ಯಂತ್ರ ಕೂಗೋದನ್ನ ನಿಲ್ಲಿಸಿ."

"ಕೂಗಿದ್ರೆ ತಾನೆ ಕಳ್ಳರು ಸಿಗೋದು? ಇವತ್ತು ನೀನು ಸಿಕ್ಕಿಬಿದ್ದಿದ್ದೂ ಹಾಗೇ."

"ವರ್ಷದಲ್ಲಿ ಸಿಕ್ಕಿಬಿದ್ದ ಕಳ್ಳ ನಾನೊಬ್ಬನೇ ಸಾರ್. ಹೆದರಿ ಕಾರ್ಡು ಪೆಟ್ಟಿಗೆಗೆ ಹಾಕಿದವರು ಎಷ್ಟು ಜನ ಅಂತ ಯಾರು ನೋಡಿದ್ದಾರೆ? ನಾನು ಮಾರ್ಕೆಟ್ಟಲ್ಲಿ ಮೈಕ್ ಹಿಡಿದು 'ಬಡವರೇ ಬನ್ನಿ' ಅಂತಿದೀನಿ. ನಾಲ್ಕು ಜನರ ಎದುರಿಗೆ ಯಾರು ಬರ್ತಾರೆ ಹೇಳಿ."

ಸಾಹೇಬರು ಕೆಟ್ಟವರಲ್ಲ, ಬೈಸಿಕೊಂಡು ಬೈಸಿಕೊಂಡು ಸುಸ್ತಾಗಿದ್ದರು ಅಷ್ಟೆ. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿ, ಗುಡ್ಡದ ದಾರಿಯ ಬಸ್ಸುಗಳಲ್ಲಿ ಮಾತ್ರ ಮಾಡಿ ನೋಡೋಣ ಅಂದರು. ದಂಡವನ್ನೂ ಹಾಕಿದರು. ಯಂತ್ರ ರಿಪೇರಿಯವನು ಮಧ್ಯಾಹ್ನದ ಚಹಾ ಆರುವಷ್ಟರಲ್ಲಿ ಧ್ವನಿ ತೆಗೆದುಹಾಕಿದ. ಯಾರ ಕಾರ್ಡು ತಾಗಿಸಿದರೂ ಒಂದೇ ಸದ್ದು. ಹೊಸ ರಿಯಾಯಿತಿ ಕಾರ್ಡುಗಳಿಗೂ ಬೇರೆ ಬಣ್ಣ ಹೋಗಿ, ಎಲ್ಲರ ಕಾರ್ಡಿನ ನೀಲಿ ಬಣ್ಣವೇ ಬಂತು. ಕೌಂಟರಿನ ಸರದಿ ಸಾಲಿನ ಮುಂದೆ ಸಂಬಳ ಕೇಳುವುದನ್ನು ಬಿಟ್ಟು, ಗುಮಾಸ್ತ ಪಕ್ಕದ ಕೋಣೆಯಲ್ಲಿ ಕುರ್ಚಿ ಹಾಕಿಸಿ ಮೆಲ್ಲಗೆ ಕೇಳತೊಡಗಿದ. ಒಬ್ಬೊಬ್ಬರಾಗಿ ಗುಡ್ಡದ ಕಡೆಯವರು ಬರಲು ಶುರುವಾದರು.

ಈ ಸುದ್ದಿ ಹೊತ್ತು ಅವನು ಅತ್ತಿಗೆಯ ಕೋಣೆಗೆ ಓಡಿದ. ಅವಳು ಕಾಲು ಚಾಚಿಕೊಂಡು ಕಿಟಕಿಯ ಬಳಿ ಕೂತಿದ್ದಳು. ಎಲ್ಲ ಕೇಳಿ, ಮೀಸೆಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಳೇದು ರದ್ದಾಯ್ತು. ನಾಳೆನೇ ನಿಮಗೆ ಹೊಸ ಕಾರ್ಡು ಮಾಡಿಸ್ತೀನಿ," ಅಂದ.

ನಗು ನಿಂತಿತು. "ಬೇಡ."

"ಈಗ ಕೂಗಲ್ಲ ಅತ್ತಿಗೆ."

"ಯಂತ್ರ ಕೂಗಿದ್ದು ಆಮೇಲೆ. ಅದಕ್ಕೂ ಮುಂಚೆ ನೀನು ನನ್ನನ್ನ ಕೈಲಾಗದವಳು ಅಂತ ಬರೆದು ಕೊಟ್ಟೆಯಲ್ಲ, ಒಂದು ಮಾತು ಕೇಳಿದೆಯಾ? ನಿನಗೆ ಉಣ್ಣಿಸಿ ಬೆಳೆಸಿದವಳು ನಾನು. ಅವತ್ತು ಕಾರ್ಡು ಕೈಗಿಟ್ಟು ನೀನು ನಗ್ತಾ ನಿಂತಿದ್ದೆ. ಬೇಡ ಅಂತ ಹೇಗೆ ಹೇಳಲಿ?"

ತಾನು ಒಳ್ಳೆಯದನ್ನೇ ಮಾಡಿದೆ ಎಂದು ಅವನು ಇಷ್ಟು ದಿನ ಎದೆಯುಬ್ಬಿಸಿಕೊಂಡಿದ್ದ. ಕೊನೆಗೆ, "ಕೇಳಬೇಕಿತ್ತು," ಅಂದ. ಅತ್ತಿಗೆ ಚಹಾಕ್ಕೆ ನೀರಿಡು ಅಂದಳು. ಅವನು ಇಟ್ಟ. ಮತ್ತೆ ಕಾರ್ಡಿನ ಮಾತೆತ್ತಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿಕೊಂಡ ವಾರದಲ್ಲಿ ಅತ್ತಿಗೆ ಅವನ ಕಚೇರಿಗೆ ಬಂದಳು. ಜೊತೆಗೆ ಲಾಂಡ್ರಿಯ ಗೆಳತಿಯೊಬ್ಬಳು. ಅವನು ದಡಬಡಿಸಿ ಎದ್ದರೂ ಅತ್ತಿಗೆ ಸಾಲು ಬಿಟ್ಟು ಕದಲಲಿಲ್ಲ. ಸರದಿ ಬಂದ ಮೇಲೆ ಪಕ್ಕದ ಕೋಣೆಯ ಕುರ್ಚಿಯಲ್ಲಿ ಬಂದು ಕೂತಳು.

"ಅರ್ಧ ದರದ ಕಾರ್ಡು ಬೇಕಿತ್ತು," ಅಂದಳು, ಗುರುತೇ ಇಲ್ಲದವಳ ಹಾಗೆ.

ಅವನು ಅರ್ಜಿಯ ಹಾಳೆ ಎಳೆದುಕೊಂಡ. "ಕೆಲಸ ಎಲ್ಲಿ?"

"ಆಸ್ಪತ್ರೆ ಲಾಂಡ್ರಿ."

"ಮನೇಲಿ ದುಡಿಯೋರು ಬೇರೆ ಯಾರಾದ್ರೂ?"

"ಒಬ್ಬಳೇ. ಮೈದುನ ಒಬ್ಬ ಇದ್ದಾನೆ, ಬೇರೆ ಮನೆ."

"ಅವರು ಸಹಾಯ ಮಾಡ್ತಾರಾ?"

"ಮಾಡೋಕೆ ಮೇಲೆ ಬಿದ್ದು ಬರ್ತಾನೆ. ನಾನೇ ಬೇಡ ಅಂತೀನಿ."

ಅವನು ತಲೆಯೆತ್ತದೆ ಬರೆದುಕೊಂಡ, ಫೋಟೋ ತೆಗೆದ, ಕಾರ್ಡು ಕೊಟ್ಟ. ಅತ್ತಿಗೆ ಅದನ್ನು ತಿರುಗಿಸಿ ನೋಡಿ, ಈ ಫೋಟೋ ಪರವಾಗಿಲ್ಲ ಅಂದಳು. ಆಮೇಲೆ ಬಾಗಿಲಲ್ಲಿ ಅಳುಕುತ್ತ ನಿಂತಿದ್ದ ಗೆಳತಿಯನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದಳು.

ಆ ತಿಂಗಳಿನಿಂದ ಅವಳು ಬಸ್ಸಲ್ಲೇ ಕೆಲಸಕ್ಕೆ ಹೋಗುತ್ತಾಳೆ. ರಜೆಯ ದಿನ ಎರಡು ಬಸ್ಸು ಬದಲಾಯಿಸಿ ಮೈದುನನ ಮನೆಗೂ ಬರುತ್ತಾಳೆ, ಬಂದವಳು ಅವನ ಹೆಂಡತಿಯ ಜೊತೆ ಸೇರಿ ಅವನನ್ನೇ ಆಡಿಕೊಳ್ಳುತ್ತ ಸಂಜೆಯ ತನಕ ಇರುತ್ತಾಳೆ.