ಒಂದೇ ತಾರೀಖಿನ ಫೋಟೋಗಳು

ಅಮ್ಮ ನಗುತ್ತಿದ್ದಾಳೆ, ಹಾಲ್‌ನಲ್ಲಿ ಒಬ್ಬಳೇ, ಟೀವಿಯ ಮುಂದೆ — ಯಾವ ಫೋಟೋ ಬಂದಿರಬೇಕು, ಪುಟ್ಟ ಮಗಳು ಅಪ್ಪನ ಹೆಲ್ಮೆಟ್ ತಲೆಗೇರಿಸಿಕೊಂಡು ಗೋಡೆಗೆ ಗುದ್ದಿಕೊಂಡಿದ್ದೇ ಇರಬೇಕು, ಅಲ್ಲ, ಕೂಗಿ ಹೇಳುತ್ತಿದ್ದಾಳೆ, ಲೋ, ಇಲ್ಲೊಂದು ಲಾರಿ ಮರ ಹತ್ತೋಕೆ ಹೊರಟಿದೆ ನೋಡೋ — ಸರಿ ಹೋಯಿತು, ಲಾರಿಗಳೂ ಬಂದವು, ಮನೆಯವರೂ ಲಾರಿಗಳೂ ಒಟ್ಟಿಗೆ ಕಲಸಿಹೋದವು, ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅವನು ತಲೆ ಕೆರೆದುಕೊಳ್ಳುತ್ತಾನೆ, ಇಷ್ಟು ವರ್ಷ ಒಂದು ದಿನವೂ ಕಲಸಿರಲಿಲ್ಲವಲ್ಲ. ಕ್ಯಾಮೆರಾ ಒಂದೇ, ನಿಜ, ಬೆಳಿಗ್ಗೆ ನಜ್ಜುಗುಜ್ಜಾದ ಬಾನೆಟ್ಟು, ಸಂಜೆ ಮಗಳ ಶಾಲೆಯ ನಾಟಕ, ಇನ್ಶೂರೆನ್ಸಿಗಾಗಿ ಜಖಂ ಗಾಡಿಗಳ ಸರ್ವೆ ಮಾಡುವವನ ಬದುಕೇ ಹಾಗೆ, ಆದರೆ ಹಳೆಯ ಸಾಫ್ಟ್‌ವೇರಿನಲ್ಲಿ ಎಲ್ಲಕ್ಕೂ ಚೀಟಿ ಅಂಟಿಸಿ ಇಟ್ಟಿದ್ದ, ಇದು ಮನೆ, ಇದು ಗಾಡಿ, ಆ ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಮುಚ್ಚಿತು, ಹೊಸ ಕಂಪ್ಯೂಟರು ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ, ಹಾಸ್ಟೆಲಿನಿಂದ ಮಗಳು ಫೋನಿನಲ್ಲಿ, ಅಯ್ಯೋ ಅಪ್ಪ, ಅದೇನ್ ಕಷ್ಟ, ಎಲ್ಲಾ ಒಟ್ಟಿಗೆ ಹೊಸದಕ್ಕೆ ಸಾಗಿಸ್ಬಿಡು, ಟೀವೀಲೂ ಬರುತ್ತೆ, ಅಜ್ಜಿ ನೋಡ್ಕೊಂಡು ಕೂತಿರ್ತಾರೆ, ಎಂದಿದ್ದಳು, ಸಾಗಿಸಿದ, ನಿನ್ನೆ ಇಡೀ ದಿನ ನೀಲಿ ಗೆರೆ ತೆವಳಿತು, ಬಸವನಹುಳು ವಾಸಿ, ಇವತ್ತು ನೋಡಿದರೆ ಚೀಟಿಗಳೂ ಇಲ್ಲ, ಹಳೆಯ ತಾರೀಖುಗಳೂ ಇಲ್ಲ, ಎಲ್ಲದರ ಕೆಳಗೂ ನಿನ್ನೆಯದೇ ತಾರೀಖು. ನಿನ್ನೆ ಅವನ ಮದುವೆಯಾಗಿದೆ, ನಿನ್ನೆ ಮಗಳು ಹುಟ್ಟಿ ನಿನ್ನೆಯೇ ಹಲ್ಲು ಬಂದು ನಿನ್ನೆಯೇ ಹಲ್ಲು ಬಿದ್ದಿದೆ, ಊರಿನ ಗಾಡಿಗಳೆಲ್ಲ ನಿನ್ನೆಯೇ ಹೋಗಿ ಒಂದಕ್ಕೊಂದು ಗುದ್ದಿಕೊಂಡಿವೆ — ಲೋ, ಈ ಬಸ್ಸಿನ ಒಳಗಿದ್ದೋರಿಗೆ ಏನಾಯ್ತೋ, ಅಮ್ಮನ ದನಿ, ಏನೂ ಆಗಿಲ್ಲಮ್ಮ, ಎಲ್ಲಾ ಇಳಿದು ನಡ್ಕೊಂಡು ಮನೆಗೆ ಹೋದ್ರು, ಅವನು ಕೂತಲ್ಲಿಂದಲೇ ಕೂಗುತ್ತಾನೆ, ಅದು ಯಾವ ಬಸ್ಸೆಂದು ಎದ್ದು ನೋಡುವುದೂ ಇಲ್ಲ, ಬೆಳಿಗ್ಗೆಯಿಂದ ಪ್ರತಿ ಗಾಡಿಗೂ ಇದೇ ಪ್ರಶ್ನೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಅಮ್ಮನಿಗೆ ಎಲ್ಲವೂ ಹೊಸದು, ಫ್ಯಾನಿನ ಮೇಲಿನ ಧೂಳು ಹೊಸದು, ಅವನ ನರೆಗೂದಲು ಹೊಸದು, ನಿನಗ್ಯಾವಾಗ ಇಷ್ಟು ವಯಸ್ಸಾಯ್ತೋ, ಎಂದಿದ್ದಳು ಪಟ್ಟಿ ಬಿಚ್ಚಿದ ದಿನ.

ಸಹಾಯ ಎಂಬಲ್ಲಿ ಒತ್ತಿದರೆ ಉದ್ದನೆಯ ಪುಟ, ಸಮಾಧಾನ ಮಾಡುವವರ ಹಾಗೆ ನಯವಾದ ಮಾತು, ಹಳೆಯ ತಂತ್ರಾಂಶದ ಕೆಲವು ಗುರುತುಗಳು ಹೊಸದಕ್ಕೆ ಬಾರದೇ ಇರಬಹುದು, ಗಾಬರಿ ಬೇಡ, ನಿಮ್ಮ ಚಿತ್ರಗಳು ಸುರಕ್ಷಿತವಾಗಿವೆ, ತಾರೀಖು ಹೀಗೆ ಸರಿಪಡಿಸಿ, ಹೆಸರು ಹೀಗೆ ಸೇರಿಸಿ, ಓದುತ್ತ ಓದುತ್ತ ಕೆಳಗಿಳಿದರೆ ಸಣ್ಣ ಅಕ್ಷರದಲ್ಲಿ, ಹಿಂದೆ ಮರೆಮಾಡಿದ್ದ ಚಿತ್ರಗಳು ಈಗ ಎಲ್ಲ ಚಿತ್ರಗಳ ಜೊತೆಯಲ್ಲೇ ಕಾಣಿಸುತ್ತವೆ — ಕಾಣಿಸುತ್ತವೆ. ಅವನು ಮರೆಮಾಡಿದ್ದದ್ದು ಒಂದೇ ಒಂದು. ಅದೂ ಈಗ ಈ ರಾಶಿಯಲ್ಲಿದೆ, ನಿನ್ನೆಯ ತಾರೀಖು ಹಾಕಿಕೊಂಡು, ಹೆಲ್ಮೆಟ್ಟಿನ ಮಗಳಿಗೂ ಮರ ಹತ್ತಿದ ಲಾರಿಗೂ ನಡುವೆ ಎಲ್ಲೋ, ಮತ್ತು ಹಾಲ್‌ನಲ್ಲಿ ಅಮ್ಮ, ಹೊಚ್ಚ ಹೊಸ ಕಣ್ಣು ಬಿಟ್ಟುಕೊಂಡು. ಎದ್ದ, ಟೀವಿ ಆರಿಸಿಬಿಡೋಣ, ಏನಾದರೂ ನೆಪ ಹೇಳೋಣ, ಸಾಫ್ಟ್‌ವೇರ್ ಕೆಟ್ಟಿದೆ ಎನ್ನೋಣ, ಅದು ಸುಳ್ಳೂ ಅಲ್ಲ, ಹೋಗಿ ನೋಡಿದರೆ ತೆರೆಯ ತುಂಬ ಗುಬ್ಬಿ. ತಮ್ಮ. ಹುಟ್ಟಿದಾಗ ಅಂಗೈಯಷ್ಟಿದ್ದನೆಂದು ಗುಬ್ಬಿ, ಆಮೇಲೆ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದರೂ ಗುಬ್ಬಿಯೇ, ಮೊದಲ ಸಂಬಳದಲ್ಲಿ ತಂದ ಕಡುಗೆಂಪು ಅಂಗಿ, ಬಾಯಿ ತುಂಬ ನಗು, ಅಮ್ಮ ಸೋಫಾದ ತುದಿಗೆ ಬಂದು ಕೂತಿದ್ದಾಳೆ, ಇವನ ಹುಬ್ಬಿನ ಮೇಲೆ ಈ ಮಚ್ಚೆ ಇತ್ತಾ, ನನಗೆ ಮರ್ತೇ ಹೋಗಿತ್ತು ಕಣೋ, ಎನ್ನುತ್ತಾಳೆ, ಈಗ ಹೇಗೆ ಆರಿಸುವುದು, ಯಾವ ಕೈಯಿಂದ ಆರಿಸುವುದು, ಆಮೇಲ್ ನೋಡಮ್ಮ, ಕಣ್ಣಿಗೆ ಆಯಾಸ ಆಗುತ್ತೆ, ಎಂದ, ಡಾಕ್ಟ್ರು ಎಷ್ಟು ಬೇಕಾದ್ರೂ ನೋಡಿ ಅಂದಿದಾರೆ, ನೀನು ಹೋಗಿ ನಿನ್ ಕೆಲ್ಸ ನೋಡು, ಎಂದು ಅಮ್ಮ ರಿಮೋಟನ್ನು ಸೊಂಟದ ಪಕ್ಕಕ್ಕೆ ಸಿಕ್ಕಿಸಿಕೊಂಡಳು.

ಹುಡುಕಬೇಕು ಅಷ್ಟೇ, ಅದು ತೆರೆಗೆ ಬರುವುದರೊಳಗೆ, ಮತ್ತೆ ಕಂಪ್ಯೂಟರಿಗೆ ಬಂದು ಕಾರು ಎಂದು ಟೈಪು ಮಾಡಿದರೆ ಕಾರಿನ ಸಾಗರ, ಬಿಳಿ ಕಾರು ಎಂದರೆ ಅದೂ ಸಾಗರವೇ, ಊರಿನವರಿಗೆಲ್ಲ ಬಿಳಿಯ ಹುಚ್ಚು, ಬೆರಳು ಜಾರಿಸುತ್ತ ಜಾರಿಸುತ್ತ, ಇದಲ್ಲ, ಇದು ಹಿಂದಿನಿಂದ ಗುದ್ದಿದ್ದು, ಇದು ಮಗಳು ಕೆಮ್ಮುತ್ತಿದ್ದ ಚಳಿಗಾಲ, ಇದು ಕಾಲುವೆಗೆ ಬಿದ್ದದ್ದು, ಇದೂ ಅಲ್ಲ, ಅವನಿಗೆ ಗುರುತು ಗೊತ್ತು, ಮುಂಭಾಗ ಪೂರ್ತಿ ಕುಸಿದು ಗಾಜಿನವರೆಗೆ ಬಂದಿದೆ, ಆದರೆ ಚಾಲಕನ ಬಾಗಿಲು ಹಾಗೇ ಇದೆ, ತೆರೆದುಕೊಂಡು, ಒಂದು ಗೀರೂ ಇಲ್ಲದೆ, ಷೋರೂಮಿನಲ್ಲಿ ಯಾರೋ ಬನ್ನಿ ಕೂತು ನೋಡಿ ಎಂದು ತೆರೆದಿಟ್ಟ ಹಾಗೆ. ಗುಬ್ಬಿ ಹೋದ ದಿನ ಫೋನು ಮಾಡಿದವರು ಜಾಗ ಹೇಳಿದ್ದರು, ಹೋಗುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು, ನಿಂತಿದ್ದವರು ಅವನಿಗೆ ದಾರಿ ಬಿಟ್ಟ ರೀತಿಯಲ್ಲೇ ತಿಳಿದುಹೋಯಿತು, ಆಮೇಲೆ ಕೈ ತಾನೇ ಕ್ಯಾಮೆರಾ ತೆಗೆಯಿತು, ಸತ್ಯವಾಗಿಯೂ ಅವನಲ್ಲ, ಕೈ, ಮುಂದಿನ ಮೂಲೆಯಿಂದ ಒಂದು ತೆಗೆದು ಎರಡನೆಯದಕ್ಕೆ ಸುತ್ತಿ ಬರುವಾಗ ಕಾಲುಗಳು ನಿಂತವು. ಎದುರಿನ ಪಂಕ್ಚರ್ ಅಂಗಡಿಯವನು ಬಂದು ಪಕ್ಕ ನಿಂತ, ಕೈಯೆಲ್ಲ ಮಸಿ, ನೀವು ಅವರಿಗೆ ಏನಾಗ್ಬೇಕು ಸಾರ್, ಅಣ್ಣ ಎಂದ, ಬಾಗ್ಲು ಒಂದೇ ಕೈಗೆ ಬಂತು ಸಾರ್, ಆದ್ರೆ ಕಾಲು ಸಿಕ್ಕಾಕೊಂಡಿತ್ತು, ತಗಡು ಕತ್ತರಿಸೋ ಕಟರ್ ಬರೋವರ್ಗೂ ನಾನು ಇಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ, ಕೈ ಹಿಡ್ಕೊಂಡಿದ್ದೆ, ಮಾತಾಡ್ತಿದ್ರು ಸಾರ್ — ಮಾತಾಡುತ್ತಿದ್ದ. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಬೇರೆ, ಗೊತ್ತಾಗೋಕೆ ಮುಂಚೇನೇ ಹೋಗಿಬಿಟ್ಟನಮ್ಮ, ಗಾಡಿಗೂ ಅಂಥದ್ದೇನೂ ಆಗಿರ್ಲಿಲ್ಲ, ಕಣ್ಣು ಮಂಜಾಗಿದ್ದ ಅಮ್ಮ ಅವನ ಮುಖವನ್ನು ಕೈಯಿಂದ ತಡವಿ ನೋಡಿ, ಅಷ್ಟಾದ್ರೂ ಆಯ್ತಲ್ಲ, ಎಂದಿದ್ದಳು, ಆ ಅಷ್ಟನ್ನು ಅವಳಿಂದ ಯಾರು ಕಿತ್ತುಕೊಳ್ಳುತ್ತಾರೆ, ಫೋಟೋ ಅಳಿಸಲೂ ಆಗಲಿಲ್ಲ, ಅದಕ್ಕೇ ಮರೆಮಾಡಿದ್ದು, ಇದಲ್ಲ, ಇದು ಟ್ರಾಕ್ಟರು, ಇದು ಅಮ್ಮನೇ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇದೂ ಅಲ್ಲ — ಹಾಲ್‌ನಲ್ಲಿ ಸದ್ದಿಲ್ಲ. ಎಷ್ಟು ಹೊತ್ತಿನಿಂದ ಸದ್ದಿಲ್ಲ.

ಎದ್ದು ಹೋದರೆ ಅದೇ. ಗೋಡೆಯಷ್ಟು ದೊಡ್ಡದಾಗಿ. ಅಮ್ಮ ರಿಮೋಟು ಒತ್ತಿ ನಿಲ್ಲಿಸಿಕೊಂಡಿದ್ದಾಳೆ, ಮುಂದಕ್ಕೆ ಬಾಗಿ ನೋಡುತ್ತಿದ್ದಾಳೆ, ಉಳಿದ ಗಾಡಿಗಳನ್ನು ನೋಡಿದ ಹಾಗೆಯೇ, ಅಯ್ಯೋ ಪಾಪ ಎನ್ನುವ ಮುಖ, ಅಷ್ಟೇ, ಅವಳಿಗೆ ತಿಳಿದಿಲ್ಲ, ದೇವರೇ, ತಿಳಿದಿಲ್ಲ, ಬಿಳಿ ಕಾರುಗಳಲ್ಲಿ ಒಂದು ಬಿಳಿ ಕಾರು, ಲೋ, ಇದರ ಒಳಗಿದ್ದೋರಿಗೆ ಏನಾಯ್ತೋ. ಉತ್ತರ ನಾಲಿಗೆಯ ಮೇಲೇ ಇದೆ, ಬೆಳಿಗ್ಗೆಯಿಂದ ಹೇಳಿ ಹೇಳಿ ಸವೆದ ಉತ್ತರ, ಏನೂ, ಎಂದ, ಉಳಿದರ್ಧ ಬರಲಿಲ್ಲ, ಬಾ, ಬಂದುಬಿಡು, ಬರಲಿಲ್ಲ, ಅಮ್ಮ ತಿರುಗಿ ಅವನನ್ನು ನೋಡಿದಳು, ತೆರೆಯನ್ನು ನೋಡಿದಳು, ಮತ್ತೆ ಅವನನ್ನು, ಆ ಕಣ್ಣಿಗೆ ಈಗ ಎಲ್ಲವೂ ಕಾಣುತ್ತದೆ, ಗುಬ್ಬೀದಾ, ಎಂದು ಕೇಳಿದಳು, ಹೂಂ ಅಮ್ಮ. ಅಳುತ್ತಾಳೆ ಎಂದುಕೊಂಡ, ಹತ್ತಿರ ಹೋಗಿ ಹಿಡಿದುಕೊಳ್ಳಬೇಕು ಎಂದುಕೊಂಡ, ಅವಳು ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು, ಅವನು ಕೂತ, ಇಬ್ಬರೂ ನೋಡಿದರು, ಮುಂಭಾಗವನ್ನು ಅವಳು ಹೆಚ್ಚು ಹೊತ್ತು ನೋಡಲಿಲ್ಲ, ಬಾಗಿಲು ಚೆನ್ನಾಗೇ ಇದೆಯಲ್ಲೋ, ಯಾರು ತೆಗೆದ್ರು ಇದನ್ನ, ಎಂದಳು, ಹೇಳತೊಡಗಿದ, ಪಂಕ್ಚರ್ ಅಂಗಡಿ, ಮಸಿ ಕೈ, ಕುಕ್ಕರುಗಾಲು, ಸಿಕ್ಕಿಕೊಂಡಿದ್ದ ಕಾಲು ಕೂಡ, ಒಂದನ್ನೂ ಬಿಡಲಿಲ್ಲ, ಬಿಡಬೇಕೆಂದುಕೊಂಡದ್ದೂ ಬಂದುಬಿಟ್ಟಿತು, ಅವನ ಮೊಣಕಾಲಿನ ಮೇಲೆ ಅಮ್ಮನ ಕೈ ಬಿಗಿಯಾಗುತ್ತ ಹೋಯಿತು, ಹಾಗಾದ್ರೆ ಒಬ್ಬನೇ ಇರ್ಲಿಲ್ಲ, ಎಂದಳು, ಇರ್ಲಿಲ್ಲಮ್ಮ, ಮಾತಾಡಿದ್ನಾ, ಹೂಂ, ಏನಂದ.

ಬಾಗ್ಲು ಹಾಕ್ಬೇಡಿ ಅಂದನಂತಮ್ಮ, ಗಾಳಿ ಚೆನ್ನಾಗಿ ಬರ್ತಿದೆ ಅಂದನಂತೆ. ಅಮ್ಮ ಮುಂದಿನ ಫೋಟೋಗೆ ಹೋಗಲಿಲ್ಲ, ಒಳಗೆ ಹೋಗಿ ತಾರೀಖುಗಳನ್ನು ಸರಿಪಡಿಸಬೇಕು, ಚೀಟಿಗಳನ್ನು ಮತ್ತೆ ಅಂಟಿಸಬೇಕು, ಇದಕ್ಕೆ ಯಾವ ಚೀಟಿ, ಮನೆಯೋ ಗಾಡಿಯೋ, ಅಮ್ಮನ ಕೈ ಇನ್ನೂ ಮೊಣಕಾಲಿನ ಮೇಲೇ ಇದೆ, ಹೋಗಬೇಕು, ಈಗಲ್ಲ, ಮನೆಯೋ, ಗಾಡಿಯೋ — ಬಾಗಿಲು, ತೆರೆದೇ ಇರುವ ಬಾಗಿಲು, ಒಂದು ಗೀರೂ ಇಲ್ಲ, ಅದರಾಚೆ ರಸ್ತೆಬದಿಯ ಹುಲ್ಲು ಒಂದೇ ಕಡೆಗೆ ಬಾಗಿದೆ, ಗಾಳಿಗೆ, ಬಾಗಿಲು ತೆರೆದಿದೆ, ತೆರೆದಿದೆ